ಹೊಟ್ಟೆಯ ಗಡ್ಡೆಗೂ ತಲೆಗೂ ಏನು ಸಂಬಂಧ?

ಶಿವಮೊಗ್ಗದ ಓದುಗರೊಬ್ಬರ ಪತ್ರ: 'ಅಕ್ಕನ ಮಗಳಿಗೆ 22 ವರ್ಷ. ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟಳು, ಏನೇನೋ ಮಾತಾಡಿದಳು, ಬಾಯಲ್ಲಿ ಏನೂ ಇಲ್ಲದೆ ಅಗಿಯುತ್ತಿದ್ದಳು. ಗಾಳಿ ಸೋಕಿದೆ ಅಂತ ದೇವಸ್ಥಾನಕ್ಕೆ ಕರೆದೊಯ್ದರು. ಆಮೇಲೆ ಫಿಟ್ಸ್ ಬಂತು. ಎನ್‌ಎಂಡಿಎ ಎನ್‌ಸೆಫಲೈಟಿಸ್ (ಒಂದು ಬಗೆಯ ಮಿದುಳಿನ ಉರಿಯೂತ) ಅಂದ ಡಾಕ್ಟರು ಅಂಡಾಶಯದ ಟೆರಟೋಮಾ ಗಡ್ಡೆ ತೆಗೆದರು. ಕ್ಯಾನ್ಸರ್ ತಲೆಗೆ ಏರಿತ್ತಾ? ಮತ್ತೆ ಕಾಲೇಜಿಗೆ ಹೋಗ್ತಾಳಾ?'

ತಲೆಗೆ ಏನೂ ಏರಿಲ್ಲ, ಆ ಭಯ ಬಿಡಿ. ಟೆರಟೋಮಾ ವಿಚಿತ್ರ ಗಡ್ಡೆ. ಒಳಗೆ ಕೂದಲು, ಹಲ್ಲು, ಕೆಲವೊಮ್ಮೆ ನರದ ಅಂಶವೂ ಇರುತ್ತದೆ. ಅದನ್ನು ಹೊರಗಿನದು ಅಂದುಕೊಂಡು ಮೈ ಅದರ ವಿರುದ್ಧ ಹೋರಾಡುವ ಆಂಟಿಬಾಡಿ ತಯಾರಿಸುತ್ತದೆ. ಗಡ್ಡೆಯ ನರದಲ್ಲಿರುವ ಎನ್‌ಎಂಡಿಎ ರಿಸೆಪ್ಟರ್, ಅಂದರೆ ನರಕೋಶ ಸಂದೇಶ ಹಿಡಿಯುವ ಪ್ರೊಟೀನ್, ಮಿದುಳಿನಲ್ಲೂ ಇದೆ ನೋಡಿ, ಆಂಟಿಬಾಡಿ ಅಲ್ಲೂ ಹೋಗಿ ಅಂಟುತ್ತದೆ. ರಿಸೆಪ್ಟರ್‌ಗಳು ಕಡಿಮೆಯಾದಂತೆ ಮಾತು, ನಡತೆ ಎಲ್ಲ ಏರುಪೇರು. ಏನೂ ಬಾಯಲ್ಲಿಲ್ಲದೆ ಅಗಿಯುತ್ತಿದ್ದಳು ಅಂತ ಬರೆದಿದ್ದೀರಲ್ಲ, ಅದೂ ಇದರದೇ ಲಕ್ಷಣ. ಈ ಗಡ್ಡೆ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೂ ಬಯಾಪ್ಸಿ ರಿಪೋರ್ಟ್ ಏನು ಹೇಳಿದೆ ಅಂತ ಕೇಳಿಕೊಳ್ಳಿ.

ಅಕ್ಕನನ್ನು ಬೈಯಬೇಡಿ. ಈ ಕಾಯಿಲೆಗೆ ಕಾರಣವಾದ ಆಂಟಿಬಾಡಿಯನ್ನು ನರರೋಗ ತಜ್ಞ ಯೋಸೆಪ್ ದಾಲ್ಮಾವ್ ಮತ್ತು ಸಂಗಡಿಗರು ವಿವರಿಸಿದ್ದೇ 2007ರಲ್ಲಿ, ಟೆರಟೋಮಾ ಇದ್ದ 12 ಮಹಿಳೆಯರನ್ನು ನೋಡಿ. ಈಗಲೂ ಎಷ್ಟೋ ರೋಗಿಗಳು ಮೊದಲು ಮನೋವೈದ್ಯರ ಬಳಿಗೇ ಹೋಗುತ್ತಾರೆ. ಎಂಆರ್‌ಐ ಬಹಳ ಸಲ ನಾರ್ಮಲ್ ಬರುತ್ತದೆ. ಬೆನ್ನಿನ ನೀರು ತೆಗೆದು ಆಂಟಿಬಾಡಿ ನೋಡಿದರೇ ಗೊತ್ತಾಗೋದು.

ಇದೇ ಜಾತಿಯ ಇನ್ನು ಕೆಲವು ಕಾಯಿಲೆಗಳು ಮಾತ್ರ ಕ್ರೂರ. ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಪತ್ತೆಯಾಗುವ ಮೊದಲೇ ಕೆಲವರಿಗೆ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ. ಕಿರುಮಿದುಳಿನ ಜೀವಕೋಶಗಳೇ ಅಲ್ಲಿ ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ನಿಮ್ಮ ಹುಡುಗಿಯದು ಹಾಗಲ್ಲ. ಆಂಟಿಬಾಡಿ ತಗ್ಗಿದರೆ ರಿಸೆಪ್ಟರ್ ವಾಪಸ್ ಬರುತ್ತದೆ. ಗಡ್ಡೆ ತೆಗೆಯುವುದು, ಸ್ಟಿರಾಯ್ಡ್, ಇಮ್ಯುನೊಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಾವಣೆ, ಎಲ್ಲ ಅದಕ್ಕೇ. 2013ರಲ್ಲಿ ಪ್ರಕಟವಾದ 577 ರೋಗಿಗಳ ಅಧ್ಯಯನದಲ್ಲಿ ಎರಡು ವರ್ಷದ ಹೊತ್ತಿಗೆ ಶೇ. 81 ಜನ ಚೆನ್ನಾಗಿ ಚೇತರಿಸಿಕೊಂಡಿದ್ದರು. ಸುಮಾರು ಶೇ. 12 ಜನರಿಗೆ ಮರುಕಳಿಸಿತ್ತು. ಗಡ್ಡೆ ಇದ್ದು ತೆಗೆದವರಲ್ಲಿ ಅದು ಕಡಿಮೆ.

ಕಾಲೇಜಿನ ವಿಷಯ. ಈ ಕಾಯಿಲೆ ಬಂದ ದಾರಿಯಲ್ಲೇ ಹಿಂದೆ ಹೋಗುತ್ತದೆ. ಫಿಟ್ಸ್ ಬೇಗ ನಿಲ್ಲಬಹುದು, ನಡತೆ ಮತ್ತು ನೆನಪು ಸರಿಹೋಗೋದು ಕೊನೆಗೆ. ಓದಿದ್ದು ನಿಲ್ಲುತ್ತಿಲ್ಲ ಅಂತ ಅವಳು ಅತ್ತರೆ ಸೋಮಾರಿ ಅನ್ನಬೇಡಿ. ಈ ಸೆಮಿಸ್ಟರ್ ಹೋದರೆ ಹೋಗಲಿ. ನಿದ್ದೆ ಮತ್ತೆ ಕೆಟ್ಟರೆ, ಮಾತು ತಪ್ಪಿದರೆ ಮಾತ್ರ ತಡಮಾಡದೆ, ಡಿಸ್ಚಾರ್ಜ್ ಸಮ್ಮರಿ ಹಿಡಿದು ನೇರ ನರರೋಗ ತಜ್ಞರ ಹತ್ತಿರ ಹೋಗಿ.