ನೆರವಿನ ಯೋಜನೆಗಳಲ್ಲಿ ಲಿಂಗ ಸಮಾನತೆ: ನಿಜವಾಗಿ ಏನು ಮಾಡಬೇಕು?

ಹೊರದೇಶದ ನೆರವಿನ ಯೋಜನೆಗಳಲ್ಲಿ ಲಿಂಗ ಸಮಾನತೆ ಸೇರಿಸುವುದು ಹೇಗೆ ಎಂದು ಕೇಳಿದ್ದೀರಿ. ಕೆಲಸ ಯಾರು ಮಾಡುತ್ತಾರೆ, ದುಡ್ಡು ಯಾರ ಕೈಗೆ ಬರುತ್ತದೆ, ತೀರ್ಮಾನ ಯಾರದು? ಯೋಜನೆ ಬರೆಯುವ ಮೊದಲೇ ಇದನ್ನು ಕೇಳಬೇಕು.

ನಮ್ಮ ಕಾರವಾರವನ್ನೇ ನೋಡಿ. ಕಡಲಿಗೆ ಹೋಗುವವರು ಹೆಚ್ಚಾಗಿ ಗಂಡಸರು. ಮೀನು ಒಣಗಿಸುವವರು, ಬುಟ್ಟಿಯಲ್ಲಿ ಹೊತ್ತು ಮಾರುವವರು ಹೆಂಗಸರು. ಮೀನುಗಾರಿಕೆಗೆ ಬಂದ ನೆರವೆಲ್ಲ ದೋಣಿ, ಎಂಜಿನ್, ಬಲೆಗೆ ಹೋದರೆ ಇವರಿಗೆ ಏನು ಸಿಕ್ಕಿತು? ಐಸ್, ಮಾರುಕಟ್ಟೆಯಲ್ಲಿ ನೆರಳು, ನೀರು, ಶೌಚಾಲಯ, ಅವರದೇ ಹೆಸರಿನಲ್ಲಿ ಸಾಲ, ಇವೆಲ್ಲ ಮೊದಲ ಬಜೆಟ್‌ನಲ್ಲೇ ಇರಬೇಕು. ಕೊನೆಗೆ ಸೇರಿಸೋಣ ಅಂದರೆ ದುಡ್ಡು ಉಳಿದಿರುವುದಿಲ್ಲ.

ಕಾಡಿನದೂ ಅದೇ ಕತೆ. 1990ರ ದಶಕದಲ್ಲಿ ಬ್ರಿಟನ್ ನೆರವಿನ ಪಶ್ಚಿಮ ಘಟ್ಟ ಅರಣ್ಯ ಯೋಜನೆ ನಮ್ಮ ಜಿಲ್ಲೆಗೆ ಬಂತು, ಊರೂರಲ್ಲಿ ಗ್ರಾಮ ಅರಣ್ಯ ಸಮಿತಿಗಳಾದವು. ಇಂಥ ಸಮಿತಿಯಲ್ಲಿ ಹೆಂಗಸರ ಹೆಸರು ಬರೆದರೆ ಸಾಲದು. ಕಟ್ಟಿಗೆ, ಸೊಪ್ಪು ತರುವವರು ಅವರೇ ಅಲ್ವಾ? ಯಾವ ಗಿಡ ನೆಡಬೇಕೆಂದು ಅವರನ್ನು ಕೇಳಬೇಕು. ಸಭೆಯನ್ನು ಅಡುಗೆ ಹೊತ್ತಿಗೆ ಇಡಬಾರದು.

1995ರಲ್ಲಿ ಬೀಜಿಂಗ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಮಹಿಳಾ ಸಮ್ಮೇಳನದ ನಂತರ ಈ ಚಿಂತನೆಗೆ ಜಾಸ್ತಿ ಬಲ ಬಂತು. ಈಗ ಒಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟದಲ್ಲಿ ನೆರವು ಕೊಡುವ ದೇಶಗಳು ತಮ್ಮ ನೆರವಿನ ಯೋಜನೆಗಳಿಗೆ 0, 1, 2 ಎಂದು ಅಂಕ ಕೊಡುತ್ತವೆ. ಸಮಾನತೆಯೇ ಮುಖ್ಯ ಗುರಿಯಾಗಿದ್ದರೆ 2, ಹಲವು ಗುರಿಗಳಲ್ಲಿ ಒಂದಾಗಿದ್ದರೆ 1, ಗುರಿಯೇ ಅಲ್ಲದಿದ್ದರೆ 0. ಆದರೆ ಈ ಅಂಕ ಅಳೆಯುವುದು ಉದ್ದೇಶವನ್ನು ಮಾತ್ರ. ಫಲ ತಿಳಿಯಬೇಕಾದರೆ ಆದಾಯ, ಸಾಲ, ತರಬೇತಿಯ ಲೆಕ್ಕವನ್ನು ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಇಡಬೇಕು.