ಒಂದೇ ವರ್ಷ ಹುಟ್ಟಿದ ಇಬ್ಬರು ಮುದುಕರು

ನಾಪೋಕ್ಲಿನ ಹಿರಿಯ ಓದುಗರಿಗೆ ನಮಸ್ಕಾರ. ನಿಮ್ಮ ಪತ್ರ ಉದ್ದವಾಗಿದೆ, ಕೋಪದಲ್ಲಿ ಬರೆದದ್ದು ಅಂತಲೂ ಗೊತ್ತಾಗುತ್ತದೆ. ಪತ್ರ ಓದದವರಿಗೆ ಅದರ ಸಾರ ಹೇಳಿಬಿಡುತ್ತೇನೆ. ನೀವು ಸೇನೆಯಲ್ಲಿದ್ದಾಗ ಬಾಕ್ಸಿಂಗ್ ಆಡಿದವರು. ಹೋದ ಸಂಚಿಕೆಯಲ್ಲಿ ನಾವು ಅಮೆರಿಕದ ಹೆವಿವೇಟ್ ಬಾಕ್ಸರ್ ರಾಕಿ ಮಾರ್ಸಿಯಾನೊ ಅವರ 49 ಪಂದ್ಯ, 49 ಗೆಲುವು ಎಂಬ ದಾಖಲೆ ಹಾಕಿದ್ದು ನಿಮಗೆ ಸರಿಬರಲಿಲ್ಲ. ಮುದುಕನಾದ ಜೋ ಲೂಯಿಸ್‌ನನ್ನು ಹೊಡೆದದ್ದೂ ಒಂದು ಗೆಲುವಾ ಅಂತ ಕೇಳಿದ್ದೀರಿ. ಮಹಮ್ಮದ್ ಅಲಿಯನ್ನು ಸೋಲಿಸಿದ ಲ್ಯಾರಿ ಹೋಮ್ಸ್, ಹೋಮ್ಸ್‌ನನ್ನು ಸೋಲಿಸಿದ ಮೈಕ್ ಟೈಸನ್, ಟೈಸನ್‌ನನ್ನು ಸೋಲಿಸಿದ ಲೆನಾಕ್ಸ್ ಲೂಯಿಸ್, ಇವರೆಲ್ಲರ ಗೆಲುವಿನ ಪಕ್ಕ ಒಂದು ನಕ್ಷತ್ರ ಚಿಹ್ನೆ ಹಾಕಿ, 'ಇದು ಲೆಕ್ಕಕ್ಕಿಲ್ಲ' ಅಂತ ಬರೆಯಿರಿ ಎಂದು ಹೇಳಿದ್ದೀರಿ. 35 ದಾಟಿದ ಚಾಂಪಿಯನ್‌ನನ್ನು ಸೋಲಿಸಿದರೆ ಅರ್ಧ ಅಂಕ ಸಾಕು ಎನ್ನುವುದು ನಿಮ್ಮ ಸೂತ್ರ.

ನಿಮ್ಮ ಕೋಪ ನನಗೆ ಅರ್ಥವಾಗುತ್ತದೆ. ಸೂತ್ರ ಮಾತ್ರ ಒಪ್ಪಲಾರೆ.

ಮಾರ್ಸಿಯಾನೊ ಅವರಿಂದಲೇ ಶುರು ಮಾಡೋಣ. 1951ರ ಅಕ್ಟೋಬರ್ 26ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರು ಜೋ ಲೂಯಿಸ್ ಅವರನ್ನು ಎಂಟನೇ ಸುತ್ತಿನಲ್ಲಿ ಹಗ್ಗದ ಆಚೆಗೆ ಬೀಳುವಂತೆ ಹೊಡೆದರು. ಲೂಯಿಸ್‌ಗೆ ಆಗ 37. ಚಾಂಪಿಯನ್ ಆಗಿಯೇ 1949ರಲ್ಲಿ ನಿವೃತ್ತರಾಗಿದ್ದ ಮನುಷ್ಯ, ತೆರಿಗೆ ಸಾಲ ತೀರಿಸಲು ಮತ್ತೆ ರಿಂಗಿಗೆ ಇಳಿದಿದ್ದರು. ಆ ರಾತ್ರಿ ಗೆದ್ದ ಮೇಲೆ ಮಾರ್ಸಿಯಾನೊ ಅವರೇ ಅತ್ತರು, ಅವರ ಬಾಲ್ಯದ ಹೀರೊ ಲೂಯಿಸ್. ಇಲ್ಲಿಯವರೆಗೆ ನಿಮ್ಮ ಮಾತು ಸರಿಯೇ.

ಆದರೆ ಮುಂದಿನ ವರ್ಷ ನೋಡಿ. 1952ರ ಸೆಪ್ಟೆಂಬರ್‌ನಲ್ಲಿ ಮಾರ್ಸಿಯಾನೊ ಪಟ್ಟ ಗೆದ್ದದ್ದು ಜೆರ್ಸಿ ಜೋ ವಾಲ್ಕಾಟ್ ವಿರುದ್ಧ. ವಾಲ್ಕಾಟ್ ಹುಟ್ಟಿದ್ದು 1914ರ ಜನವರಿಯಲ್ಲಿ, ಲೂಯಿಸ್ ಹುಟ್ಟಿದ್ದು ಅದೇ ವರ್ಷ ಮೇನಲ್ಲಿ. ಅಂದರೆ ವಾಲ್ಕಾಟ್ ಲೂಯಿಸ್‌ಗಿಂತ ಕೆಲವು ತಿಂಗಳು ದೊಡ್ಡವರು! ನಿಮ್ಮ ಸೂತ್ರದ ಪ್ರಕಾರ ಅವರಿಗೂ ಅರ್ಧ ಅಂಕವೇ. ಆದರೆ ಆ 38ರ ಮುದುಕ ಮೊದಲ ಸುತ್ತಿನಲ್ಲೇ ಮಾರ್ಸಿಯಾನೊ ಅವರನ್ನು ನೆಲಕ್ಕೆ ಕೆಡವಿದರು. ಅದಕ್ಕೆ ಮುಂಚೆ ಮಾರ್ಸಿಯಾನೊ ವೃತ್ತಿಪರ ಪಂದ್ಯದಲ್ಲಿ ಬಿದ್ದವರೇ ಅಲ್ಲ. ಹನ್ನೆರಡು ಸುತ್ತು ಮುಗಿದಾಗ ಎಲ್ಲಾ ಜಡ್ಜ್‌ಗಳ ಲೆಕ್ಕದಲ್ಲೂ ವಾಲ್ಕಾಟ್ ಮುಂದಿದ್ದರು. 13ನೇ ಸುತ್ತಿನಲ್ಲಿ ಒಂದು ಬಲಗೈ ಪಂಚ್ ಬೀಳದಿದ್ದರೆ ಮಾರ್ಸಿಯಾನೊ ಸೋಲುತ್ತಿದ್ದರು. ವಾಲ್ಕಾಟ್ ಚಾಂಪಿಯನ್ ಆದದ್ದೇ 37ನೇ ವಯಸ್ಸಿನಲ್ಲಿ. ಅವರ ಒಳ್ಳೆಯ ಕಾಲ ತಡವಾಗಿ ಬಂತು, ಮಾರ್ಸಿಯಾನೊ ಎದುರಾದದ್ದು ಅದೇ ಕಾಲದಲ್ಲಿ.

ಒಂದೇ ವರ್ಷ ಹುಟ್ಟಿದ ಇಬ್ಬರು, ಸೋಲಿಸಿದವರೂ ಒಬ್ಬರೇ. ಆದರೂ ಒಂದು ಗೆಲುವು ಹಗುರ, ಇನ್ನೊಂದು ಭಾರ. ಹುಟ್ಟಿದ ತಾರೀಕು ನೋಡಿ ಇದನ್ನು ಹೇಗೆ ತೂಗುತ್ತೀರಿ?

ಹಾಗಾದರೆ ಏನು ನೋಡಬೇಕು? ಆ ರಾತ್ರಿ ಆ ಮನುಷ್ಯನಲ್ಲಿ ಏನು ಉಳಿದಿತ್ತು ಅಂತ ನೋಡಬೇಕು. ಅದನ್ನು ಊಹೆ ಮಾಡುವ ಅಗತ್ಯ ಬಹಳ ಸಲ ಇರುವುದಿಲ್ಲ, ಅವರ ಹಿಂದಿನ ಮತ್ತು ಮುಂದಿನ ಪಂದ್ಯಗಳೇ ಹೇಳುತ್ತವೆ. ಹೋಮ್ಸ್ ಅವರನ್ನೇ ತೆಗೆದುಕೊಳ್ಳಿ. 1988ರ ಜನವರಿಯಲ್ಲಿ 21ರ ಟೈಸನ್ ಕೈಯಲ್ಲಿ ನಾಲ್ಕನೇ ಸುತ್ತಿನಲ್ಲೇ ಸೋತಾಗ ಹೋಮ್ಸ್‌ಗೆ 38, ಸುಮಾರು ಎರಡು ವರ್ಷ ಪಂದ್ಯವೇ ಆಡಿರಲಿಲ್ಲ. ಮುಗಿದ ಕಥೆ ಅಂತ ಎಲ್ಲರೂ ಅಂದುಕೊಂಡರು. ಆಮೇಲೆ 1992ರಲ್ಲಿ, 42ನೇ ವಯಸ್ಸಿನಲ್ಲಿ, ಅದೇ ಹೋಮ್ಸ್ ಒಲಿಂಪಿಕ್ಸ್ ಚಿನ್ನ ಗೆದ್ದಿದ್ದ, ಅಲ್ಲಿಯವರೆಗೆ ಸೋಲೇ ಕಾಣದಿದ್ದ ರೇ ಮರ್ಸರ್ ಅವರನ್ನು ಸೋಲಿಸಿದರು. ಅದೇ ವರ್ಷ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಎದುರು ಹನ್ನೆರಡೂ ಸುತ್ತು ನಿಂತರು. ಒಟ್ಟು 75 ಪಂದ್ಯಗಳಲ್ಲಿ ಅವರನ್ನು ಸಮಯಕ್ಕೆ ಮುಂಚೆ ಮುಗಿಸಿದವರು ಟೈಸನ್ ಒಬ್ಬರೇ. ಈ ಗೆಲುವಿಗೆ ನಕ್ಷತ್ರ ಹಾಕಿ ಅನ್ನುವುದು ಟೈಸನ್‌ಗೂ ಅನ್ಯಾಯ, ಹೋಮ್ಸ್‌ಗೂ ಅನ್ಯಾಯ.

ಅಲಿ ಅವರ ವಿಷಯ ಬೇರೆ. 1980ರ ಅಕ್ಟೋಬರ್ 2ರಂದು ಲಾಸ್ ವೇಗಸ್‌ನಲ್ಲಿ ಹೋಮ್ಸ್ ಎದುರು ನಿಂತಾಗ ಅವರಿಗೂ 38. ಎರಡು ವರ್ಷದಿಂದ ಆಡಿರಲಿಲ್ಲ. ಥೈರಾಯ್ಡ್ ಮಾತ್ರೆ ತಿನ್ನುತ್ತಿದ್ದರು, ತೂಕ ಇಳಿದಿತ್ತು, ನೋಡಲು ಹಳೆಯ ಅಲಿಯಂತೆಯೇ ಕಾಣುತ್ತಿದ್ದರು, ಒಳಗೆ ಕಸುವು ಇರಲಿಲ್ಲ. ಒಂದೇ ಒಂದು ಸುತ್ತು ಅವರಿಗೆ ಬರಲಿಲ್ಲ. ಹತ್ತನೇ ಸುತ್ತು ಮುಗಿದಾಗ ಅವರ ಕೋಚ್ ಏಂಜೆಲೊ ಡಂಡಿ ಸಾಕು ಅಂದರು. ಹೋಮ್ಸ್ ಒಂದು ಕಾಲದಲ್ಲಿ ಅಲಿ ಜೊತೆ ಅಭ್ಯಾಸಕ್ಕೆ ನಿಲ್ಲುತ್ತಿದ್ದ ಹುಡುಗ, ಗೆದ್ದು ಕಣ್ಣೀರು ಹಾಕಿದರು. ಮುಂದಿನ ವರ್ಷ ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಎದುರೂ ಅಲಿ ಸೋತರು, ಅಲ್ಲಿಗೆ ಮುಗಿಯಿತು. ಹಿಂದೆ ನೋಡಿದರೂ ಮುಂದೆ ನೋಡಿದರೂ ಏನೂ ಉಳಿದಿರಲಿಲ್ಲ ಅಂತ ಸ್ಪಷ್ಟ. ಇಲ್ಲಿ ನಾನು ನಿಮ್ಮ ಜೊತೆ ಇದ್ದೇನೆ, ಈ ಗೆಲುವು ಹೋಮ್ಸ್‌ಗೆ ಏನನ್ನೂ ಸೇರಿಸುವುದಿಲ್ಲ. ಆದರೆ ಅವರಿಗೆ ಅದು ಬೇಕಾಗಿಯೂ ಇಲ್ಲ. 1978ರಲ್ಲಿ ಕೆನ್ ನಾರ್ಟನ್ ಜೊತೆ ಹದಿನೈದು ಸುತ್ತು ಬಡಿದಾಡಿ ಕೂದಲೆಳೆಯಲ್ಲಿ ಪಟ್ಟ ಗೆದ್ದರಲ್ಲ, ಅವರು ಯಾರು ಅಂತ ಗೊತ್ತಾಗುವುದು ಅಲ್ಲಿ. ಇನ್ನು ಅಲಿಗೆ ಆ ರಾತ್ರಿ ಆದದ್ದಕ್ಕೆ ಹೋಮ್ಸ್ ಮೇಲೆ ಸಿಟ್ಟಾಗಬೇಡಿ. ಆ ಸ್ಥಿತಿಯಲ್ಲಿದ್ದವರಿಗೆ ಲೈಸೆನ್ಸ್ ಕೊಟ್ಟವರು, ಟಿಕೆಟ್ ಮಾರಿದವರು ಉತ್ತರ ಹೇಳಬೇಕು.

ವಯಸ್ಸು ಎಲ್ಲರಿಂದ ಒಂದೇ ವಸ್ತುವನ್ನು ಕಿತ್ತುಕೊಳ್ಳುವುದಿಲ್ಲ. ನೀವು ಆಡಿದವರು, ನಿಮಗೆ ಗೊತ್ತಿರುತ್ತದೆ: ಮೊದಲು ಹೋಗುವುದು ಕಾಲು, ಆಮೇಲೆ ಕಣ್ಣಿಗೂ ಕೈಗೂ ನಡುವಿನ ಚುರುಕು, ಕೊನೆಗೆ ಪಂಚ್‌ನ ಬಲ. 1994ರಲ್ಲಿ 45ರ ಜಾರ್ಜ್ ಫೋರ್‌ಮನ್ ಒಂಬತ್ತು ಸುತ್ತು ಹೊಡೆತ ತಿಂದೂ ಹತ್ತನೆಯದರಲ್ಲಿ ಒಂದೇ ಬಲಗೈಯಲ್ಲಿ ಮೈಕೆಲ್ ಮೂರರ್ ಅವರನ್ನು ಮಲಗಿಸಿ ಪಟ್ಟ ಗೆದ್ದದ್ದು ಅದಕ್ಕೇ. ರಾಯ್ ಜೋನ್ಸ್ ಬದುಕಿದ್ದೇ ಚುರುಕಿನ ಮೇಲೆ. ಅದು ಹೋದ ಕೂಡಲೇ, 2004ರಲ್ಲಿ, 35ಕ್ಕೇ ಎರಡನೇ ಸುತ್ತಿನಲ್ಲಿ ಬಿದ್ದರು. ಬರ್ನಾರ್ಡ್ ಹಾಪ್ಕಿನ್ಸ್ ಮಾತ್ರ ಎದುರಾಳಿ ಏನು ಮಾಡುತ್ತಾನೆ ಅಂತ ಮುಂಚೆಯೇ ಓದಿಕೊಂಡು 2011ರಲ್ಲಿ, 46ನೇ ವಯಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದರು. ಹಾಗೆ ನೋಡಿದರೆ 35ರ ಜೋನ್ಸ್ 46ರ ಹಾಪ್ಕಿನ್ಸ್‌ಗಿಂತ ಮುದುಕ. ಮನೆತನಗಳ ನಡುವೆ ನಡೆಯುವ ನಮ್ಮ ಕೊಡಗಿನ ಕೌಟುಂಬಿಕ ಹಾಕಿಯಲ್ಲೂ ಇದನ್ನೇ ನೋಡುತ್ತೇವಲ್ಲ. ದೇಶಕ್ಕೆ ಆಡಿ ಬಂದ ಹಿರಿಯರು ಕುಟುಂಬದ ತಂಡದಲ್ಲಿ ಹಿಂದೆ ನಿಂತಿರುತ್ತಾರೆ, ಓಡಲು ಆಗುವುದಿಲ್ಲ, ಆದರೆ ಚೆಂಡು ಬರುವ ಜಾಗಕ್ಕೆ ಮೊದಲೇ ಹೋಗಿ ನಿಂತಿರುತ್ತಾರೆ. ಅವರನ್ನು ಓಟದಲ್ಲಿ ಹಿಂದೆ ಹಾಕಿದ ಹುಡುಗನಿಗೆ ನಾವು ಚಪ್ಪಾಳೆ ತಟ್ಟುವುದಿಲ್ಲ. ಅವರ ಲೆಕ್ಕಾಚಾರವನ್ನೇ ತಪ್ಪಿಸಿ ಗೋಲು ಹೊಡೆದವನಿಗೆ ಇಡೀ ಮೈದಾನ ಎದ್ದು ನಿಲ್ಲುತ್ತದೆ.

ಲೆನಾಕ್ಸ್ ಲೂಯಿಸ್ ಬಗ್ಗೆ ಒಂದೇ ಮಾತು. 2002ರಲ್ಲಿ ಮೆಂಫಿಸ್‌ನಲ್ಲಿ ಟೈಸನ್ ಅವರನ್ನು ಎಂಟನೇ ಸುತ್ತಿನಲ್ಲಿ ಮಲಗಿಸಿದಾಗ ಇಬ್ಬರಲ್ಲಿ ದೊಡ್ಡವರು ಲೂಯಿಸ್! ಟೈಸನ್ ಸವೆದಿದ್ದರು ನಿಜ, ಆದರೆ ಅದು ವಯಸ್ಸಿನ ಸವೆತ ಅಲ್ಲ.

2024ರ ನವೆಂಬರ್‌ನಲ್ಲಿ 27ರ ಜೇಕ್ ಪಾಲ್ 58ರ ಟೈಸನ್ ಅವರನ್ನು ಸೋಲಿಸಿದ್ದನ್ನೂ ಪತ್ರದಲ್ಲಿ ಸೇರಿಸಿದ್ದೀರಿ. ಎರಡೆರಡು ನಿಮಿಷದ ಎಂಟು ಸುತ್ತು, ದಪ್ಪ ಗ್ಲೌಸ್. ಅದು ಅಧಿಕೃತ ದಾಖಲೆಯಲ್ಲಿ ಗೆಲುವು ಅಂತ ಇದೆ. ಅದರ ಬಗ್ಗೆ ಚರ್ಚೆಯೇ ಬೇಡ.

ನಮ್ಮ ದೇಶದ್ದೇ ಒಂದು ಉದಾಹರಣೆ ಹೇಳಬೇಕು, ಏಕೆಂದರೆ ಇದು ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. 2019ರ ಡಿಸೆಂಬರ್‌ನಲ್ಲಿ ಆಯ್ಕೆ ಪಂದ್ಯದಲ್ಲಿ ಮೇರಿ ಕೋಮ್ ತಮಗಿಂತ ತುಂಬಾ ಚಿಕ್ಕವರಾದ ನಿಖತ್ ಜರೀನ್ ಅವರನ್ನು 9-1ರಿಂದ ಸೋಲಿಸಿದರು. ನಿಖತ್‌ಗೆ ಹಳೆಯ ಚಾಂಪಿಯನ್‌ನನ್ನು ಸೋಲಿಸಿ ಹೆಸರು ಮಾಡುವ ಅವಕಾಶ ಸಿಗಲೇ ಇಲ್ಲ. ಆದರೂ 2022ರ ಮೇನಲ್ಲಿ ಇಸ್ತಾಂಬುಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಅದರ ಮುಂದಿನ ತಿಂಗಳು ಕಾಮನ್‌ವೆಲ್ತ್ ಆಯ್ಕೆಯಲ್ಲಿ ನೀತು ಘಂಘಾಸ್ ಎದುರು ಮೊದಲ ಸುತ್ತಿನಲ್ಲೇ ಮೇರಿ ಅವರ ಮೊಣಕಾಲು ಕೈಕೊಟ್ಟಿತು. ನೀತು ಗೆದ್ದರು, ಆದರೆ 'ಮೇರಿಯನ್ನು ಸೋಲಿಸಿದವಳು' ಅಂತ ಅವರನ್ನು ಯಾರೂ ಕರೆಯುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನ ಚಿನ್ನ, ಮರುವರ್ಷ ದೆಹಲಿಯ ವಿಶ್ವ ಪಟ್ಟ, ಅವರ ಹೆಸರು ನಿಂತಿರುವುದು ಇವುಗಳ ಮೇಲೆ. ಹಾಗಾಗಿ ಮಾರ್ಸಿಯಾನೊ ಅವರಿಂದ ಜೋ ಲೂಯಿಸ್ ಪಂದ್ಯವನ್ನು ನೀವು ಪೂರ್ತಿ ಕಿತ್ತುಕೊಂಡರೂ ನನಗೆ ಬೇಸರವಿಲ್ಲ, ವಾಲ್ಕಾಟ್ ಪಂದ್ಯ ಮುಟ್ಟಬೇಡಿ ಅಷ್ಟೇ.

ನಕ್ಷತ್ರ ಚಿಹ್ನೆ ನಾವು ಹಾಕುವುದಿಲ್ಲ. ಆದರೆ ನಿಮ್ಮ ಪತ್ರದಿಂದ ಒಂದು ಬದಲಾವಣೆ ಆಗುತ್ತದೆ. ಮುಂದಿನ ಸಂಚಿಕೆಯಿಂದ ದಾಖಲೆ ಪುಟದಲ್ಲಿ ಪ್ರತಿ ದೊಡ್ಡ ಪಂದ್ಯದ ಕೆಳಗೆ ಸೋತವರ ವಯಸ್ಸಿನ ಜೊತೆ ಅವರು ಅದಕ್ಕೆ ಮುಂಚೆ ಆಡಿದ್ದು ಯಾವಾಗ, ಆಮೇಲೆ ಏನು ಮಾಡಿದರು ಅಂತಲೂ ಎರಡು ಸಾಲು ಹಾಕುತ್ತೇವೆ. ಮೊದಲು ಬರುವುದು ವ್ಲಾದಿಮಿರ್ ಕ್ಲಿಚ್ಕೊ: 39ರಲ್ಲಿ ಟೈಸನ್ ಫ್ಯೂರಿ ಎದುರು ಕೈಯೇ ಎತ್ತದೆ ಸೋತವರು, 41ರಲ್ಲಿ ಆಂಥನಿ ಜೋಶುವಾ ಅವರನ್ನು ಆರನೇ ಸುತ್ತಿನಲ್ಲಿ ಕೆಡವಿ ಆಮೇಲೆ ಸೋತರು. ಫ್ಯೂರಿ, ಜೋಶುವಾ ಅವರ ಆ ಎರಡು ಗೆಲುವುಗಳಲ್ಲಿ ಯಾವುದು ದೊಡ್ಡದು ಅಂತ ನಿಮ್ಮ ಅಭಿಪ್ರಾಯ ಬರೆದು ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.

– ಸಂಪಾದಕ