ಓದುಗರ ಪ್ರಶ್ನೆ, ನಮ್ಮ ಉತ್ತರ: ದೊಡ್ಡ ಅಕ್ವೇರಿಯಂಗೆ ಸ್ಟ್ಯಾಂಡ್ ಮತ್ತು ಕ್ಯಾನಪಿ (ಮೇಲ್ಮುಚ್ಚಳದ ಪೆಟ್ಟಿಗೆ)

ಪ್ರಶ್ನೆ: ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕ್ ಮಾಡಿಸುತ್ತಿದ್ದೇನೆ. 50×50 ಮಿ.ಮೀ. ಕಬ್ಬಿಣದ ಚೌಕ ಪೈಪಿನಲ್ಲಿ ನಾಲ್ಕು ಕಾಲು ಕೊಟ್ಟರೆ ಸಾಕು, ನಡುವೆ ಕಾಲು ಬೇಡ ಎಂದು ವೆಲ್ಡಿಂಗ್ ಮಾಡುವವರು ಹೇಳುತ್ತಾರೆ. ಕೆಳಗೆ ಸಂಪ್ (ಟ್ಯಾಂಕಿನ ನೀರು ಸೋಸುವ ತೊಟ್ಟಿ) ಇಡಲು ನನಗೂ ಜಾಗ ಬೇಕು. ಒಪ್ಪಬಹುದೇ?

ಉತ್ತರ: ಸ್ಟ್ಯಾಂಡ್ ಮುರಿದು ಬೀಳುವುದಿಲ್ಲ, ಆ ಮಟ್ಟಿಗೆ ಅವರು ಹೇಳಿದ್ದು ನಿಜ. ಆದರೆ ಬಾಗುತ್ತದೆ. ಗಾಜಿಗೆ ಕೇಡಾಗಲು ಅಷ್ಟು ಸಾಕು.

ತೂಕ ಲೆಕ್ಕ ಹಾಕೋಣ. ಈ ಅಳತೆಯಲ್ಲಿ ಅಂಚಿನವರೆಗೆ ತುಂಬಿದರೆ ಸುಮಾರು 565 ಲೀಟರ್ ನೀರು, ಅಂದರೆ 565 ಕೆ.ಜಿ. 12 ಮಿ.ಮೀ. ಗಾಜು ಚದರ ಮೀಟರಿಗೆ 30 ಕೆ.ಜಿ. ತೂಗುವುದರಿಂದ ಖಾಲಿ ಟ್ಯಾಂಕೇ 105 ಕೆ.ಜಿ. ದಾಟುತ್ತದೆ. 5 ಸೆಂ.ಮೀ. ಮರಳು ಹಾಸಿದರೆ ಇನ್ನೊಂದು 75. ಒಟ್ಟು 750 ಕೆ.ಜಿ. ಎಂದು ಇಟ್ಟುಕೊಳ್ಳಿ. ಮುಂದಿನ ಉದ್ದ ಪೈಪಿಗೆ ಅರ್ಧ, ಹಿಂದಿನದಕ್ಕೆ ಅರ್ಧ. 1.4 ಮೀಟರ್ ದೂರದ ಎರಡು ಕಾಲುಗಳ ನಡುವೆ 3 ಮಿ.ಮೀ. ದಪ್ಪದ 50×50 ಪೈಪು 375 ಕೆ.ಜಿ. ಹೊತ್ತರೆ ನಡುವೆ ಸುಮಾರು 3 ಮಿ.ಮೀ. ತಗ್ಗುತ್ತದೆ. ಮೂಲೆಗಳ ವೆಲ್ಡಿಂಗ್ ಗಟ್ಟಿಯಾಗಿದ್ದರೆ ಇದು ಕಡಿಮೆಯಾಗಬಹುದು, ಆದರೆ ಅದನ್ನು ನಂಬಿಕೊಂಡು ಕಟ್ಟಬೇಡಿ.

ಮೂರು ಮಿ.ಮೀ.ಗೆ ಏಕಿಷ್ಟು ಹೆದರಿಕೆ ಎಂದರೆ, ಎರಡು ಅಡಿ ಎತ್ತರಕ್ಕೆ ನೆಟ್ಟಗೆ ನಿಂತ ಗಾಜು ಉದ್ದಕ್ಕೆ ಬಾಗುವುದು ಬಲು ಕಡಿಮೆ. ಸ್ಟ್ಯಾಂಡ್ ತಗ್ಗಿದಾಗ ಟ್ಯಾಂಕ್ ಅದರ ಜೊತೆ ತಗ್ಗುವುದಿಲ್ಲ. ತಳದ ನಡುಭಾಗಕ್ಕೆ ಆಸರೆ ತಪ್ಪಿ, ಭಾರವೆಲ್ಲ ಎರಡು ತುದಿಗಳಿಗೆ ಸರಿಯುತ್ತದೆ. ತಳದ ಗಾಜು ಮತ್ತು ಮೂಲೆಯ ಸಿಲಿಕೋನ್ ಸದಾ ಎಳೆತದಲ್ಲಿರುತ್ತವೆ. ನೀರು ತುಂಬಿದ ದಿನ ಏನೂ ಕಾಣದೆ ತಿಂಗಳುಗಳ ನಂತರ ಜಿನುಗು ಶುರುವಾಗುವುದು ಹೀಗೆ.

ಪರಿಹಾರ ಪೈಪಿನ ಎತ್ತರದಲ್ಲಿದೆ. ತೊಲೆಯ ಅಗಲ ಇಮ್ಮಡಿಯಾದರೆ ಬಿಗಿ ಇಮ್ಮಡಿಯಾಗುತ್ತದೆ ಅಷ್ಟೇ. ಎತ್ತರ ಇಮ್ಮಡಿಯಾದರೆ ಗಟ್ಟಿ ತೊಲೆಯಲ್ಲಿ ಎಂಟು ಪಟ್ಟು, ಟೊಳ್ಳು ಪೈಪಿನಲ್ಲಿ ಐದು ಪಟ್ಟಿಗೂ ಹೆಚ್ಚು. ಮುಂದಿನ ಮೇಲ್ಪೈಪನ್ನು 50×100 ಮಾಡಿಸಿ, 100ರ ಬದಿ ನಿಲುವಾಗಿ ಇರಲಿ. ತಗ್ಗು 0.6 ಮಿ.ಮೀ.ಗೆ ಇಳಿಯುತ್ತದೆ, ನಡುವೆ ಕಾಲಿಲ್ಲದೆ ಸಂಪ್ ಮುಂದಿನಿಂದ ಒಳಗೆ ಹೋಗುತ್ತದೆ. ಹಿಂದೆ 50×50 ಪೈಪೇ ಇರಲಿ, ಆದರೆ ನಡುವೆ ಒಂದು ಕಾಲು ಕೊಡಿ. ಕಾಲುಗಳ ಅಂತರ ಅರ್ಧವಾದರೆ ತಗ್ಗು ಹದಿನಾರನೇ ಒಂದು ಪಾಲಿಗೆ ಬರುತ್ತದೆ. ಮುಂದಿನಿಂದ ಹಿಂದಕ್ಕೆ 40 ಸೆಂ.ಮೀ.ಗೊಂದು ಅಡ್ಡ ಪೈಪು, ಎಲ್ಲದರ ಮೇಲ್ಮೈ ಒಂದೇ ಮಟ್ಟದಲ್ಲಿ. ಮೇಲಿನ ವೆಲ್ಡಿಂಗ್ ಗುಬುಟುಗಳನ್ನು ಗ್ರೈಂಡರಿನಲ್ಲಿ ಪೂರ್ತಿ ಸಪಾಟು ಮಾಡಿಸಿ, ಪೈಪಿನ ಬಾಯಿಗಳನ್ನು ಮುಚ್ಚಿಸಿ, ಎಪಾಕ್ಸಿ ಪ್ರೈಮರ್ ಹೊಡೆಸಿ. ತೆರೆದ ಪೈಪಿನೊಳಗೆ ಉಪ್ಪುನೀರು ಹೋದರೆ ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಹೊಸದರಂತೆಯೇ ಇರುತ್ತದೆ.

ನೆಲದ ಬಗ್ಗೆಯೂ ಒಂದು ಮಾತು. ಇದು ಚದರ ಮೀಟರಿಗೆ 800 ಕೆ.ಜಿ. ಭಾರ. ಮಹಡಿಯ ಮೇಲಾದರೆ ಕಟ್ಟಡದ ಎಂಜಿನಿಯರನ್ನು ಕೇಳದೆ ಮುಂದುವರಿಯಬೇಡಿ.

ಪ್ರಶ್ನೆ: ಟ್ಯಾಂಕಿನ ಕೆಳಗೆ ಥರ್ಮಾಕೋಲ್ ಹಾಕಲೇಬೇಕೇ? ಸ್ಟ್ಯಾಂಡಿನ ಒಂದು ಮೂಲೆ ತುಸು ತಗ್ಗಾಗಿದೆ, ಅದನ್ನೂ ಥರ್ಮಾಕೋಲ್ ಸರಿಮಾಡುತ್ತದೆಯೇ?

ಉತ್ತರ: ಟ್ಯಾಂಕಿನ ತಳ ಹೇಗಿದೆ ಎಂಬುದರ ಮೇಲೆ ಅದು ನಿಂತಿದೆ. ತಳದ ಗಾಜೇ ನೇರವಾಗಿ ಸ್ಟ್ಯಾಂಡಿನ ಮೇಲೆ ಕೂರುವುದಾದರೆ 18 ಮಿ.ಮೀ. ಪ್ಲೈವುಡ್, ಅದರ ಮೇಲೆ 10 ಮಿ.ಮೀ. ಥರ್ಮಾಕೋಲ್ ಅಥವಾ 5–6 ಮಿ.ಮೀ. ಫೋಮ್ ಹಾಳೆ ಹಾಕಿ. ಸುತ್ತ ಪ್ಲಾಸ್ಟಿಕ್ ಚೌಕಟ್ಟು ಇದ್ದು ತಳದ ಗಾಜು ಅದರೊಳಗೆ ಮೇಲೆದ್ದು ನಿಂತಿದ್ದರೆ ಹಾಕಬೇಡಿ. ಚೌಕಟ್ಟು ಫೋಮಿನಲ್ಲಿ ಹುದುಗಿದಾಗ ನಡುವಿನ ಫೋಮ್ ಗಾಜನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಆ ಗಾಜನ್ನು ಅಂಥ ಒತ್ತಡಕ್ಕೆ ಕೂರಿಸಿರುವುದಿಲ್ಲ.

ಮೂಲೆಯ ತಗ್ಗನ್ನು ಥರ್ಮಾಕೋಲ್ ಸರಿಮಾಡುವುದಿಲ್ಲ. ಮರಳಿನ ಕಣ, ಪ್ಲೈವುಡ್ಡಿನ ಸಣ್ಣ ಒರಟುತನ, ಇಷ್ಟನ್ನು ಮಾತ್ರ ಅದು ನುಂಗೀತು. ಉದ್ದನೆಯ ನೇರ ಪಟ್ಟಿಯೊಂದನ್ನು ಸ್ಟ್ಯಾಂಡಿನ ನಾಲ್ಕು ಅಂಚಿಗೂ ಎರಡು ಕರ್ಣಕ್ಕೂ ಇಟ್ಟು ನೋಡಿ. ಪಟ್ಟಿಯ ಕೆಳಗೆ ಎಲ್ಲಿಯೂ 1 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಕಂಡರೆ ಕಾಲಿನ ಕೆಳಗೆ ಬೆಣೆ ಕೊಡಿ, ಟ್ಯಾಂಕ್ ಮತ್ತು ಸ್ಟ್ಯಾಂಡಿನ ನಡುವೆ ಎಂದಿಗೂ ಬೇಡ, ಏಕೆಂದರೆ ಅಲ್ಲಿ ಬೆಣೆ ಕೂತ ಜಾಗದಲ್ಲೇ ಭಾರ ಕೂಡಿಕೊಳ್ಳುತ್ತದೆ. ತಿರುಗಿಸಿ ಏರಿಳಿಸುವ ಬೋಲ್ಟ್ ಕಾಲುಗಳಿದ್ದರೆ ಪ್ರತಿಯೊಂದರ ಕೆಳಗೂ ಅಂಗೈ ಅಗಲದ ಉಕ್ಕಿನ ತಟ್ಟೆ ಇಡಿ, ಇಲ್ಲದಿದ್ದರೆ ಟೈಲ್ಸ್ ಸೀಳುತ್ತದೆ. ನೀರನ್ನು ಒಮ್ಮೆಗೇ ತುಂಬಬೇಡಿ. ಕಾಲು ಭಾಗ, ಅರ್ಧ, ಮುಕ್ಕಾಲು, ಹೀಗೆ ಪ್ರತಿ ಹಂತದಲ್ಲಿ ನಿಲ್ಲಿಸಿ ನೀರಿನಂಚಿನಿಂದ ಟ್ಯಾಂಕಿನ ಮೇಲಂಚಿಗೆ ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ರಸಮಟ್ಟಕ್ಕಿಂತ ಈ ಅಳತೆ ನಂಬಿಕೆಯದು. ವ್ಯತ್ಯಾಸ ಬೆಳೆಯುತ್ತ ಹೋದರೆ ನೀರು ತೆಗೆದು ಬೆಣೆ ಸರಿಪಡಿಸಿ.

ಪ್ರಶ್ನೆ: ಮರದ ಸ್ಟ್ಯಾಂಡ್ ಸಿದ್ಧವಾಗಿದೆ. ಖಾಲಿ ಇರುವಾಗಲೇ ಬದಿಯಿಂದ ತಳ್ಳಿದರೆ ಓಲಾಡುತ್ತದೆ. ಕಾಲುಗಳನ್ನು ಇನ್ನೂ ದಪ್ಪ ಮಾಡಿಸಲೇ?

ಉತ್ತರ: ಬೇಡ. ಓಲಾಟ ಕೀಲುಗಳದ್ದು, ಕಾಲಿನ ದಪ್ಪದ್ದಲ್ಲ. ಹಿಂಬದಿಗೆ ಮತ್ತು ಎರಡು ಪಕ್ಕಕ್ಕೆ 12 ಮಿ.ಮೀ. ಪ್ಲೈವುಡ್ ಹಾಳೆಯನ್ನು ಅಂಟು ಹಚ್ಚಿ, 15 ಸೆಂ.ಮೀ.ಗೊಂದು ಸ್ಕ್ರೂ ಹಾಕಿ ಕೂರಿಸಿ. ಪೈಪಿಗೆ ರಂಧ್ರ ಬೇಕಿದ್ದರೆ ಹಾಳೆಯ ನಡುವೆ ಕೊರೆಯಿರಿ, ಸುತ್ತ ಕನಿಷ್ಠ 10 ಸೆಂ.ಮೀ. ಅಂಚು ಉಳಿಯಲಿ. ಇದಾದ ಮೇಲೂ ಅಲುಗಿದರೆ ನೀರು ತುಂಬುವ ಮಾತೇ ಬೇಡ.

ಜೊತೆಗೆ ಇನ್ನೊಂದನ್ನು ನೋಡಿ: ಮೇಲಿನ ತೊಲೆ ಕಾಲಿನ ತಲೆಯ ಮೇಲೆ ಕೂತಿದೆಯೋ, ಕಾಲಿನ ಪಕ್ಕಕ್ಕೆ ಸ್ಕ್ರೂನಿಂದ ನೇತಾಡುತ್ತಿದೆಯೋ? ನೇತಾಡುತ್ತಿದ್ದರೆ ತೊಲೆಯ ಕೆಳಗೆ ಬಿಗಿಯಾಗಿ ಕೂರುವ ಇನ್ನೊಂದು ತುಂಡನ್ನು ನೆಲದವರೆಗೆ ಕೊಟ್ಟು ಕಾಲಿಗೆ ಅಂಟಿಸಿ. ಭಾರ ಮರದಿಂದ ಮರಕ್ಕೆ ಇಳಿಯಬೇಕು. ಸ್ಕ್ರೂ ಕೆಲಸ ತುಂಡುಗಳನ್ನು ಹಿಡಿದಿಡುವುದಷ್ಟೇ.

ಪ್ರಶ್ನೆ: ಪ್ಲೈವುಡ್ ಕ್ಯಾನಪಿ ಕೂರಿಸಿದ ಮೇಲೆ ನೀರಿನ ಬಿಸಿ 31 ಡಿಗ್ರಿಗೆ ಏರಿದೆ. ಒಳಗಿನ ಅಂಚುಗಳೂ ಉಬ್ಬುತ್ತಿವೆ. ಏನು ಮಾಡಲಿ?

ಉತ್ತರ: ಎರಡಕ್ಕೂ ಕಾರಣ ಒಂದೇ, ಒಳಗಿನ ಹಬೆಗೆ ಹೊರದಾರಿ ಇಲ್ಲ. ನೀರು ಆವಿಯಾಗುವಾಗ ಶಾಖವನ್ನು ಕೊಂಡೊಯ್ಯುತ್ತದೆ. 1 ಲೀಟರ್ ಆವಿಯಾದರೆ ಸುಮಾರು 2,400 ಕಿಲೋಜೂಲ್ ಹೋಗುತ್ತದೆ. ಅದು 500 ಲೀಟರ್ ನೀರನ್ನು 1 ಡಿಗ್ರಿಗೂ ತುಸು ಹೆಚ್ಚು ತಣಿಸುವಷ್ಟು. ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿ ತೇವದಿಂದ ತುಂಬಿದ ಮೇಲೆ ಆವಿಯಾಗುವುದು ನಿಂತೇ ಹೋಗುತ್ತದೆ.

ಮೊದಲು ಹಿಂಬದಿಯ ಹಲಗೆಯನ್ನು ತೆಗೆದುಬಿಡಿ. ಅಲಂಕಾರಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ. ಒಂದು ತುದಿಯಲ್ಲಿ 120 ಮಿ.ಮೀ. ಫ್ಯಾನ್ ಗಾಳಿಯನ್ನು ಹೊರಗೆ ಎಳೆಯಲಿ, ಇನ್ನೊಂದು ತುದಿಯಲ್ಲಿ ಅಷ್ಟೇ ದೊಡ್ಡ ಕಿಂಡಿ ಇರಲಿ. ಫ್ಯಾನನ್ನು ನೀರಿನ ಮೇಲೆ ಊದುವಂತೆ ಇಟ್ಟರೆ ತಂಪು ಹೆಚ್ಚು, ಆದರೆ ತೇವವೆಲ್ಲ ಮರಕ್ಕೆ ಬಡಿಯುತ್ತದೆ. ಮರದ ಕ್ಯಾನಪಿಗೆ ಎಳೆಯುವ ಫ್ಯಾನೇ ಮೇಲು ಎಂಬುದು ನಮ್ಮ ಅಭಿಪ್ರಾಯ. ದಿನವೂ ಕಡಿಮೆಯಾದಷ್ಟು ನೀರು ಸೇರಿಸಬೇಕು. ಸಮುದ್ರದ ಟ್ಯಾಂಕಾದರೆ ಸಿಹಿನೀರನ್ನೇ ಸೇರಿಸಿ, ಏಕೆಂದರೆ ಉಪ್ಪು ಆವಿಯಾಗಿ ಹೋಗಿರುವುದಿಲ್ಲ.

ಉಬ್ಬಿದ ಅಂಚು ಮತ್ತೆ ಮೊದಲಿನಂತಾಗದು. ಆ ಭಾಗ ಕತ್ತರಿಸಿ ಹೊಸ ಪಟ್ಟಿ ಕೂರಿಸಿ. ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಕತ್ತರಿಸಿದ ಅಂಚಿನಿಂದ ಮತ್ತು ಸ್ಕ್ರೂ ರಂಧ್ರದಿಂದ. ಆದ್ದರಿಂದ ಜೋಡಿಸುವ ಮೊದಲೇ ಅಂಚುಗಳಿಗೆ ಎರಡು ಸಲ ಎಪಾಕ್ಸಿ ಹಚ್ಚಿ, ರಂಧ್ರ ಕೊರೆದ ಮೇಲೆ ಅದರೊಳಗೂ ಹಚ್ಚಿ. ವಾಸನೆ ಪೂರ್ತಿ ಹೋಗುವವರೆಗೆ ಟ್ಯಾಂಕಿನ ಮೇಲೆ ಇಡಬೇಡಿ. ಕೀಲು, ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವೇ ಆಗಲಿ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಈ ಕೆಲಸಕ್ಕೆ ಬೇಡವೇ ಬೇಡ.

ಹೊಸದಾಗಿ ಮಾಡುವುದಾದರೆ 12 ಮಿ.ಮೀ. ಪ್ಲೈವುಡ್ ಸಾಕು. ಐದು ಅಡಿ ಉದ್ದ, 30 ಸೆಂ.ಮೀ. ಎತ್ತರ, ಹಿಂಬದಿ ತೆರೆದ ಕ್ಯಾನಪಿ 18 ಮಿ.ಮೀ. ಹಲಗೆಯಲ್ಲಿ 20 ಕೆ.ಜಿ. ಆದರೆ 12ರಲ್ಲಿ 14 ಕೆ.ಜಿ.ಯೊಳಗೆ ಮುಗಿಯುತ್ತದೆ. ಇಡೀ ಮುಚ್ಚಳ ಎತ್ತುವ ಬದಲು ಮುಂದಿನ ಮುಖ ಮೇಲಕ್ಕೆ ಮಡಚುವಂತೆ ಉದ್ದನೆಯ ಪಿಯಾನೋ ಕೀಲು ಹಾಕಿ. ಟ್ಯಾಂಕಿನ ಹೊರಮೈಗೂ ಕ್ಯಾನಪಿಗೂ ಸುತ್ತ 3–4 ಮಿ.ಮೀ. ಸಂದು ಬಿಡಿ.

ಪ್ರಶ್ನೆ: ಸ್ಟ್ಯಾಂಡಿನೊಳಗೆ ಪ್ಲಗ್ ಬೋರ್ಡ್ ಎಲ್ಲಿರಬೇಕು? ಬಾಗಿಲಿನ ಅಳತೆ ಹೇಗೆ ನಿರ್ಧರಿಸುವುದು?

ಉತ್ತರ: ಬೋರ್ಡ್ ಪಕ್ಕದ ಗೋಡೆಯಲ್ಲಿ, ಸಂಪಿನ ಅಂಚಿಗಿಂತ ಎತ್ತರದಲ್ಲಿ, ಆದರೆ ಸಂಪಿನ ನೇರ ಮೇಲೆ ಅಲ್ಲ. ಪ್ರತಿ ವೈರು ಬೋರ್ಡಿಗಿಂತ ಕೆಳಗೆ ಒಮ್ಮೆ ಜೋತು ಆಮೇಲೆ ಮೇಲೇರಿ ಪ್ಲಗ್ಗಿಗೆ ಹೋಗಲಿ. ವೈರಿನ ಮೇಲೆ ಹರಿದು ಬಂದ ನೀರು ಆ ಜೋತಲ್ಲೇ ತೊಟ್ಟಿಕ್ಕುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್) ಇಲ್ಲದೆ ಪಂಪು ಓಡಿಸಬೇಡಿ.

ಬಾಗಿಲಿಗೆ ಸ್ಟ್ಯಾಂಡಿನ ಒಳಅಳತೆ ಲೆಕ್ಕಕ್ಕಿಲ್ಲ. ಬಾಗಿಲು, ಕಾಲುಗಳನ್ನು ಬಿಟ್ಟು ಉಳಿಯುವ ತೆರವು ಎಷ್ಟು ಎಂಬುದೇ ಮುಖ್ಯ. ಸಂಪಿನ ಉದ್ದಕ್ಕಿಂತ ಆ ತೆರವು 5 ಸೆಂ.ಮೀ. ಹೆಚ್ಚಿರಲಿ. ಸಂಪನ್ನು ಓರೆ ಮಾಡಿ ತೂರಿಸುವ ಯೋಚನೆ ಇದ್ದರೆ ರಟ್ಟಿನಲ್ಲಿ ಅದೇ ಅಳತೆಯ ಪೆಟ್ಟಿಗೆ ಮಾಡಿ ಮೊದಲು ಒಳಹೊರಗೆ ಆಡಿಸಿ ನೋಡಿ. ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಇದ್ದರೆ ಅದರ ಕಪ್ಪನ್ನು ಮೇಲಕ್ಕೆ ಎತ್ತಿ ತೆಗೆಯುವಷ್ಟು ಎತ್ತರವೂ ಬೇಕು. 50×100 ತೊಲೆ ಹಾಕಿಸಿದವರಿಗೆ ಮುಂದುಗಡೆ 5 ಸೆಂ.ಮೀ. ಕಡಿಮೆ ಸಿಗುತ್ತದೆ, ಹಾಗಾಗಿ ಸ್ಟ್ಯಾಂಡನ್ನೇ ಅಷ್ಟು ಎತ್ತರಿಸಿಕೊಳ್ಳಿ.